ಪುಟಗಳ ಮನೆತನ ಕೇಳುವ ಶರಣವ್ವ

ಶರಣವ್ವ ಜಗಳಗಂಟಿ ಎಂದು ಮಸ್ಕತ್ತಿನ ಕನ್ನಡಿಗರಲ್ಲಿ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನ ಅವಳ ತಂಟೆಗೆ ಹೋಗಿಯೇ ಇಲ್ಲ. ಅಲ್ ಗುಬ್ರಾದ ಫ್ಲಾಟೊಂದರಲ್ಲಿ ಗಂಡ ಶಂಕ್ರೆಪ್ಪ ಮತ್ತು ಮಗಳು ಅಂಜಲಿಯ ಜೊತೆ ಇರುವ ಈ ಹೆಂಗಸು ಮಾತಾಡಿದರೆ ಕೆಳಗೆ ಕಾರು ನಿಲ್ಲಿಸುವವರಿಗೂ ಕೇಳುತ್ತದೆ, ಅದು ನಿಜ. ಆದರೆ ಯಾರ ಮನೆಯ ಮಾತನ್ನೂ ಅವಳು ಇನ್ನೊಂದು ಮನೆಗೆ ಒಯ್ದವಳಲ್ಲ. ಅವಳು ಇಲ್ಲಿನ ಕನ್ನಡ ಸಂಘದವರೊಡನೆ ಜಗಳಕ್ಕೆ ನಿಂತದ್ದು ಒಂದೇ ವಿಷಯಕ್ಕೆ. ಮಕ್ಕಳು ಕಂಪ್ಯೂಟರಿನಲ್ಲಿ ಯಾವುದನ್ನು ಓದಿ ನಂಬಬೇಕು ಎಂಬ ವಿಷಯಕ್ಕೆ. ಇಷ್ಟಕ್ಕೆಲ್ಲ ಯಾರಾದರೂ ಊರನ್ನೇ ಎದುರು ಹಾಕಿಕೊಳ್ಳುತ್ತಾರೆಯೇ ಎಂದು ಮೂಗು ಮುರಿಯುವವರು ಮುರಿದುಕೊಳ್ಳಲಿ, ಮೂಗು ಅವರದೇ.

ಅವಳು ರೋಣ ತಾಲೂಕಿನವಳು. ಧಾರವಾಡದಲ್ಲಿ ಲೈಬ್ರರಿ ಸೈನ್ಸ್ ಓದಿ ಗದಗಿನ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿದ್ದಳು. "ಸಮಾಜಶಾಸ್ತ್ರದ್ದು ಏನರ ಒಂದು ಕೊಡ್ರಿ ಮೇಡಮ್" ಎಂದು ಬಂದ ಹುಡುಗರನ್ನು ಹಾಗೇ ಬಿಡುತ್ತಿರಲಿಲ್ಲ. ಯಾತಕ್ಕೆ, ಯಾವ ಪಾಠಕ್ಕೆ, ಮೊದಲು ಏನು ಓದಿದ್ದೀಯಾ ಎಂದು ವಕೀಲರ ಹಾಗೆ ಪಾಟೀಸವಾಲು ಮಾಡಿ ಆಮೇಲೆ ಪುಸ್ತಕ ಕೊಡುತ್ತಿದ್ದಳು. ಮದುವೆಯಾಗಿ ಒಮಾನಿಗೆ ಬಂದಾಗ ಪಾಸ್‌ಪೋರ್ಟಿನ ವೀಸಾದ ಮೇಲೆ ಈಕೆ ಇಲ್ಲಿ ಕೆಲಸ ಮಾಡುವಂತಿಲ್ಲ ಎಂದು ಮುದ್ರೆ ಬಿದ್ದಿತ್ತು. ಅದನ್ನು ಓದಿ ಗಂಡನನ್ನು ಕೇಳಿದ್ದಳಂತೆ: "ಅಡಿಗಿ ಮಾಡೂದೂ ಇದರಾಗ ಬರ್ತೈತೇನ್ರಿ?" ಗುಬ್ರಾದ ಕರೆಂಟು ಮತ್ತು ಸಿಹಿನೀರಿನ ಸ್ಥಾವರದಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದ ಶಂಕ್ರೆಪ್ಪ ಮೃದು ಮನುಷ್ಯ. ನಕ್ಕು ಸುಮ್ಮನಾದ.

ಹತ್ತು ಹನ್ನೆರಡು ವರ್ಷ ಅವಳೂ ಸುಮ್ಮನಿದ್ದಳು. ಮೌನ ಮುರಿದದ್ದು ಅಂಜಲಿಯ ಖರ್ಜೂರದ ಪ್ರಾಜೆಕ್ಟು.

ಗಲ್ಫಿನಲ್ಲಿ ನಮ್ಮ ಮಕ್ಕಳ ಪ್ರಾಜೆಕ್ಟು ಹೇಗೆ ತಯಾರಾಗುತ್ತಿತ್ತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಮಗು ವಿಷಯ ಹೇಳುತ್ತದೆ, ಅಪ್ಪ ಆಫೀಸಿನಲ್ಲಿ ಬಾಸ್ ಇಲ್ಲದ ಹೊತ್ತು ನೋಡಿ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾನೆ, ಮೊದಲು ಸಿಕ್ಕಿದ್ದನ್ನು ಕಲರ್ ಪ್ರಿಂಟ್ ತೆಗೆದು, ಆಫೀಸಿನ ಯಂತ್ರದಲ್ಲೇ ಸ್ಪೈರಲ್ ಬೈಂಡ್ ಮಾಡಿಸಿ ತರುತ್ತಾನೆ. ಶಂಕ್ರೆಪ್ಪನೂ ಹಾಗೇ ಮಾಡಿದ. ಪ್ರಾಜೆಕ್ಟು ಬಲು ಚಂದ ಕಂಡಿತು. ಕೊನೆಯ ಪುಟದಲ್ಲಿ ಮಾತ್ರ, ನಮ್ಮ ಖರ್ಜೂರ ಮಧುಮೇಹವನ್ನು ಬುಡಸಮೇತ ಗುಣಪಡಿಸುತ್ತದೆ, ಒಂದು ಪೆಟ್ಟಿಗೆ ತರಿಸಲು ಇಲ್ಲಿ ಒತ್ತಿ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅಂಜಲಿ ಅದನ್ನೂ ತನ್ನ ಹೆಸರಿನಲ್ಲೇ ಶಾಲೆಗೆ ಕೊಟ್ಟು ಬಂದಿದ್ದಳು. ಟೀಚರು ಅದಕ್ಕೂ "ವೆರಿ ಗುಡ್" ಎಂದು ಬರೆದಿದ್ದರು.

ಶರಣವ್ವನಿಗೆ ಸಿಟ್ಟು ಬಂದದ್ದು ಮಗಳ ಮೇಲಲ್ಲ, ಆ "ವೆರಿ ಗುಡ್" ಮೇಲೆ.

"ಹೆಣ್ಣ ಕೊಡೂ ಮುಂದ ಮನಿತನ ನೋಡ್ತೀವಿ. ಮನಿತನ ಗೊತ್ತಿಲ್ಲದ ಪುಟಾನ ಮಕ್ಕಳ ತಲಿಯಾಗ ಹಂಗ ಹೆಂಗ ತುಂಬೂದು?" ಎಂದು ಪಕ್ಕದ ಫ್ಲಾಟಿನ ಐಡಾ ಬಾಯಿಯ ಮುಂದೆ ಕೂಗಾಡಿದಳು. ಐಡಾ ಬಾಯಿ ಮಂಗಳೂರಿನವರು, ಆಸ್ಪತ್ರೆಯಲ್ಲಿ ನರ್ಸು.

"ಅದೇ ಮಾರಾಯ್ತಿ, ನಾವು ಮೀನು ತಗೊಳ್ಳುವಾಗಲೂ ಕಿವಿರು ಎತ್ತಿ ನೋಡ್ತೇವೆ. ಆದ್ರೆ ನೋಡುವವರು ಯಾರು? ನಂಗೆ ಪುರ್ಸೊತ್ತಿಲ್ಲ" ಎಂದರು ಐಡಾ.

"ನನಗ ಐತಲ್ಲ" ಎಂದಳು ಶರಣವ್ವ.

ಮಕ್ಕಳನ್ನು ಕೂರಿಸಿಕೊಂಡು ಈ ಕೆಲಸ ನಡೆಸಲು ಜಾಗ ಕೊಟ್ಟವರು ಕೊಗ್ಗಣ್ಣ. ಅವರ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದೆ ಅನ್ಯಾಯವಾದೀತು. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದು ರೂವಿಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ದೊಡ್ಡ ಅಂಗಡಿ ಮಾಡಿದ ಮನುಷ್ಯ. ವೀಸಾ ಕೊಟ್ಟ ಮಾಲೀಕ, ಅಂದರೆ ಕಫೀಲನ ಜೊತೆ ತಕರಾರಾಗಿ ಬೀದಿಗೆ ಬಿದ್ದವರಿಗೆ ಊಟ ಹಾಕಿದವರು, ಸತ್ತವರ ಶವವನ್ನು ಊರಿಗೆ ಕಳಿಸಲು ಆಫೀಸಿನಿಂದ ಆಫೀಸಿಗೆ ಓಡಾಡಿದವರು. ಶರಣವ್ವನ ತಾಯಿ ತೀರಿಕೊಂಡಾಗ ಈದ್ ರಜೆಯ ಗದ್ದಲದಲ್ಲಿ ವಿಮಾನದ ಸೀಟು ಕೊಡಿಸಿದ್ದೂ ಅವರೇ. ಹಾಗಾಗಿ ಕನ್ನಡ ಸಂಘದ ಯಾವ ಕಾರ್ಯಕ್ರಮವೇ ಇರಲಿ, ಗಣಪತಿ ಹಬ್ಬದಿಂದ ರಕ್ತದಾನದವರೆಗೆ, ಬ್ಯಾನರಿನ ತುದಿಯಲ್ಲಿ ಕೊಗ್ಗಣ್ಣನ ಅಂಗಡಿಯ ಹೆಸರು ಇರುತ್ತಿತ್ತು. ಊಟದ ಕಾಗದದ ತಟ್ಟೆಯ ಮೇಲೂ ಇರುತ್ತಿತ್ತು. ಅದು ಅಲ್ಲಿನ ರೀತಿ. ಕೊಟ್ಟವರ ಹೆಸರು ಎಲ್ಲರಿಗೂ ಕಾಣಬೇಕು, ವೇದಿಕೆಯಲ್ಲಿ ಶಾಲು ಹೊದಿಸಬೇಕು, ಮಾತಿಗೊಮ್ಮೆ ಅವರನ್ನು ನೆನೆಯಬೇಕು. ಯಾರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ, ಶರಣವ್ವನಿಗೂ ಕಂಡಿರಲಿಲ್ಲ.

ಬೌಷರ್‌ನಲ್ಲಿದ್ದ ಅವರ ಗೋದಾಮಿನ ಹಿಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರು, ವೇಗದ ಇಂಟರ್ನೆಟ್ಟು, ಒಂದು ಕಪಾಟು ಪುಸ್ತಕ ಬಂದವು. ಸಂಘದ ಸೈಟು ನೋಡಿಕೊಳ್ಳುತ್ತಿದ್ದ ಶಿವಪ್ರಕಾಶ ಎಂಬ ಕಂಪ್ಯೂಟರ್ ಎಂಜಿನಿಯರ್ ಅದರಲ್ಲಿ ಶರಣವ್ವನಿಗೆ ಒಂದು ಪುಟ ಮಾಡಿಕೊಟ್ಟು, ಲಿಂಕ್ ಸೇರಿಸುವುದು, ತೆಗೆಯುವುದು ಕಲಿಸಿದ. ಅಲ್ಲಿಂದ ಶುರುವಾಯಿತು ಅವಳ ಸಂಸಾರದೊಳಗಿನ ಇನ್ನೊಂದು ಸಂಸಾರ.

ಮೊದಲು ಎಲ್ಲಕ್ಕೂ ಆಗುವಂಥವು: ವಿಶ್ವಕೋಶ, ನಿಘಂಟು, ದೊಡ್ಡ ವಿಶ್ವವಿದ್ಯಾಲಯಗಳ ಲೈಬ್ರರಿಗಳು ತಮ್ಮ ವಿದ್ಯಾರ್ಥಿಗಳಿಗೆಂದು ಮಾಡಿಟ್ಟ ಮಾರ್ಗದರ್ಶಿಗಳು. ಆಮೇಲೆ ಭೂಗೋಳ, ಜೀವಶಾಸ್ತ್ರ, ಇತಿಹಾಸ ಎಂದು ವಿಷಯಕ್ಕೊಂದು ಪುಟ. ಒಮಾನಿನದೇ ಬೇರೆ ಪುಟ, ಯಾಕೆಂದರೆ ಶಾಲೆಯವರಿಗೆ ಫಲಜ್ ಕಾಲುವೆಯ ಪ್ರಾಜೆಕ್ಟಿನ ಹುಚ್ಚು. ಯಾವ ಸೈಟನ್ನೂ ಅವಳು ಸುಮ್ಮನೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಬರೆದವರು ಯಾರು, ಅವರಿಗೆ ಈ ವಿಷಯದ ಜೊತೆ ಏನು ಸಂಬಂಧ, ಬರೆದು ಎಷ್ಟು ಕಾಲವಾಯಿತು, ಏನಾದರೂ ಮಾರುತ್ತಿದ್ದಾರೆಯೇ. ಹೆಸರಿಲ್ಲದಿದ್ದರೆ ಮೇಲ್ ಬರೆದು ಕೇಳುತ್ತಿದ್ದಳು. ಉತ್ತರ ಬಾರದಿದ್ದರೆ ಖಲಾಸ್, ಆ ಸೈಟಿಗೆ ಬಾಗಿಲು ಮುಚ್ಚಿತು. ಒಳಗೆ ಬಂದವಕ್ಕೂ ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ತಪ್ಪುತ್ತಿರಲಿಲ್ಲ. "ಚಿತ್ರ ಚಂದ, ವಿಷಯ ಕಡಿಮೆ." "ಇವರ ಜನಸಂಖ್ಯೆಯ ಲೆಕ್ಕ ಹಳೆಯದು." "ಒಳ್ಳೆಯದೇ, ಆದರೆ ಔಷಧಿ ಮಾರುತ್ತಾರೆ, ಹುಷಾರು." ಪ್ಲೂಟೊ ಗ್ರಹವಲ್ಲ ಎಂದು ವಿಜ್ಞಾನಿಗಳು ತೀರ್ಮಾನಿಸಿದ ವಾರ ಅವಳು ಖಗೋಳದ ಸೈಟುಗಳನ್ನೆಲ್ಲ ಮತ್ತೊಮ್ಮೆ ಜಾಲಾಡಿ, ಒಂಬತ್ತು ಗ್ರಹ ಎಂದೇ ಇದ್ದ ಕಡೆ "ಇವರಿಗಿನ್ನೂ ಸುದ್ದಿ ಮುಟ್ಟಿಲ್ಲ" ಎಂದು ಬರೆದಳು. ಪ್ರತಿ ಪುಟದ ಕೆಳಗೆ ತನ್ನ ಹೆಸರು, ಮನೆಯ ಫೋನ್ ನಂಬರು. "ತಪ್ಪು ಕಂಡರೆ ನನಗೆ ಹೇಳಿ."

ಜನ ಹೇಳುತ್ತಿದ್ದರು ಕೂಡ. ದೂರದ ನಿಜ್ವಾ ಊರಿನಿಂದ ಯಾರೋ ಅಪ್ಪ ಫೋನ್ ಮಾಡಿ ಒಂದು ಲಿಂಕ್ ಸತ್ತಿದೆ ಎನ್ನುವನು, ಶರಣವ್ವ ಒಗ್ಗರಣೆಯ ಸೌಟು ಹಿಡಿದುಕೊಂಡೇ ಬರೆದುಕೊಳ್ಳುವಳು. ಶಾಲೆಗೆ ವಾರದ ರಜೆ ಇರುವ ಗುರುವಾರ ಬಂತೆಂದರೆ ಬೌಷರ್‌ನ ಆ ಕೋಣೆ ಮಕ್ಕಳಿಂದ ತುಂಬುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಆ ಮಕ್ಕಳು, ಕನ್ನಡ ಓದಲು ಬಾರದವರೂ, ಬಾಯಿಪಾಠ ಮಾಡಿದ್ದರು. ಈ ದೇಶಕ್ಕೆ ಬಂದ ಮೇಲೆ ಶರಣವ್ವ ಮೊದಲ ಬಾರಿ ಸುಖವಾಗಿದ್ದಳು. ಅಷ್ಟು ನೇರವಾಗಿ ಹೇಳಿದರೆ ಸಾಕು.

ಅಷ್ಟರಲ್ಲಿ ಕೊಗ್ಗಣ್ಣನ ತಂಗಿಯ ಮಗ ಹರ್ಷಿತ್ ಒಂದು ಪೋರ್ಟಲ್ ತೆರೆದ. ಹೆಸರು ವಿದ್ಯಾಜ್ಯೋತಿ. ಎಲ್ಲಾ ತರಗತಿಗೆ, ಎಲ್ಲಾ ವಿಷಯಕ್ಕೆ ಒಂದೇ ಕಡೆ ಉತ್ತರ ಎಂಬ ಘೋಷಣೆ. ನವೆಂಬರಿನ ರಾಜ್ಯೋತ್ಸವದಲ್ಲಿ ಅದರ ಉದ್ಘಾಟನೆ ಎಂದು ಗೊತ್ತಾಯಿತು. ಸಂಘದ ಅಧ್ಯಕ್ಷ ಸಚ್ಚಿದಾನಂದ ಶರಣವ್ವನ ಕಟ್ಟಡದಲ್ಲೇ, ಅವಳ ಮೇಲಿನ ಮಹಡಿಯಲ್ಲಿದ್ದವರು. ಧಾರವಾಡದವರು, ಕಂಪನಿಯೊಂದರಲ್ಲಿ ಮ್ಯಾನೇಜರ್, ನಯವಾದ ಮಾತು. ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು.

"ಶರಣವ್ವಾರ, ಒಂದು ಸಣ್ಣ ಕೆಲಸ. ನಿಮ್ಮ ಪುಟದೊಳಗ ಎಲ್ಲಾ ವಿಷಯದ ಮ್ಯಾಲೂ ವಿದ್ಯಾಜ್ಯೋತಿ ಲಿಂಕ್ ಹಾಕಿಬಿಡ್ರಿ. ಫಸ್ಟ್ ಇರಲಿ."

"ನೋಡಿ ಹೇಳ್ತೀನ್ರಿ" ಎಂದಳು ಅವಳು.

"ನೋಡೂದೇನದ ಅದರಾಗ? ನಮ್ಮ ಕೊಗ್ಗಣ್ಣಾರದು."

"ಎಲ್ಲಾರದೂ ನೋಡ್ತೀನ್ರಿ ನಾ."

ನೋಡಿದಳು. ಎಲ್ಲೂ ಬರೆದವರ ಹೆಸರಿರಲಿಲ್ಲ, ತಾರೀಕಿರಲಿಲ್ಲ. ಎಷ್ಟೋ ಪುಟಗಳು ಎಲ್ಲಿಂದಲೋ ಎತ್ತಿ ತಂದ ಹಾಗಿದ್ದವು. ಹರ್ಷಿತ್‌ಗೆ ಫೋನ್ ಮಾಡಿದಳು. ಆ ಹುಡುಗ ಒಳ್ಳೆಯವನೇ.

"ಕಂಟೆಂಟ್ ಟೀಮ್ ಉಂಟು ಆಂಟಿ. ಅವರು ಬರೀತಾರೆ."

"ಟೀಮ್ ಅಂದ್ರ ಯಾರಪಾ? ಒಬ್ಬರದರ ಹೆಸರ ಹೇಳು."

"ಅದು ಹೊರಗೆ ಕೊಟ್ಟದ್ದು ಆಂಟಿ. ಹೆಸರೆಲ್ಲ ನಂಗೂ ಸರಿ ಗೊತ್ತಿಲ್ಲ."

ಪ್ರಥಮ ಚಿಕಿತ್ಸೆಯ ಪುಟದಲ್ಲಿ, ಚೇಳು ಕಡಿದರೆ ಆ ಜಾಗವನ್ನು ಬ್ಲೇಡಿನಿಂದ ಕೊಯ್ದು ರಕ್ತ ಹೊರಗೆ ಬಿಡಿ ಎಂದಿತ್ತು. ಅದನ್ನು ಐಡಾ ಬಾಯಿಗೆ ತೋರಿಸಿದಳು. "ಅಯ್ಯೋ ದೇವರೇ, ಇದನ್ನು ಮಕ್ಕಳಿಗೆ ಹೇಳುದಾ?" ಎಂದು ಐಡಾ ಹಣೆ ಹಿಡಿದುಕೊಂಡರು. ಕಲ್ಲುಗುಡ್ಡಗಳ ದೇಶ, ಪಿಕ್ನಿಕ್ಕಿಗೆ ಹೋದ ಮಕ್ಕಳು ವಾದಿ ಎನ್ನುವ ಒಣಹಳ್ಳದ ಕಲ್ಲು ಎತ್ತಿದರೆ ಅಡಿಯಲ್ಲಿ ಚೇಳು. ಶರಣವ್ವ ತಿಳಿಸಿದ ಮೇಲೆ ಹರ್ಷಿತ್ ಅದನ್ನು ಅಂದೇ ತೆಗೆಸಿದ. ಸಚ್ಚಿದಾನಂದ ಮತ್ತೆ ಮೆಟ್ಟಿಲ ಮೇಲೆ ಸಿಕ್ಕರು.

"ತಿದ್ದ್ಯಾರಲ್ಲ, ಇನ್ನೇನು?"

"ಅದನ್ನ ನಾ ನೋಡಿದ್ನಿ, ಅದಕ್ಕ ತಿದ್ದಿದ್ರು. ಉಳಿದದ್ದನ್ನ ಯಾರು ನೋಡ್ಯಾರ್ರಿ? ಕೇಳಿದ್ರ ಉತ್ತರ ಕೊಡಾಕ ಒಬ್ಬ ಮನುಷ್ಯ ಇಲ್ಲ ಅಲ್ಲಿ. ನಾ ಹಾಕಂಗಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಎಂಬ ಮಾತು ಕಾರ್ಯಕಾರಿ ಸಮಿತಿಯಲ್ಲಿ ಆಗಲೇ ಓಡಾಡತೊಡಗಿತು. ಬ್ಯಾನರಿನಲ್ಲಿ ಹಾಕುತ್ತೇವೆ, ತಟ್ಟೆಯ ಮೇಲೆ ಹಾಕುತ್ತೇವೆ, ಈಕೆಯ ಪುಟಕ್ಕೇನು ಕೊಂಬು ಬಂದಿದೆಯೇ ಎಂದು ಅವರೆಲ್ಲ ನಿಜವಾಗಿಯೂ ಬೆರಗಾಗಿದ್ದರು. ದುರುದ್ದೇಶ ಯಾರಲ್ಲೂ ಇರಲಿಲ್ಲ. ಬ್ಯಾನರು ಬೇರೆ, ಈ ಪುಟ ಬೇರೆ ಎಂಬುದು ಅವರ ತಲೆಗೆ ಹೋಗಲೇ ಇಲ್ಲ.

ಮನೆಯಲ್ಲಿ ಶಂಕ್ರೆಪ್ಪನೂ ಹೆದರಿದ. "ಉಪ್ಪ ತಿಂದ ಮನಿಗೆ ಎರಡ ಬಗಿಬಾರದು ಅಂತಾರ. ಆ ಕೋಣಿ ಅವರದು, ಕಂಪ್ಯೂಟರ್ ಅವರದು. ನಿಮ್ಮವ್ವ ಹೋದಾಗ..."

"ನನಗ ನೆನಪೈತ್ರಿ" ಎಂದಳು. ಅವಳ ಧ್ವನಿ ಸಣ್ಣದಾಗಿದ್ದನ್ನು ಅವನು ಕೇಳಿದ್ದು ಅಪರೂಪ.

ಶುಕ್ರವಾರ ಸಂಜೆ ಕೊಗ್ಗಣ್ಣ ತಾವೇ ಬಂದರು. ಕೈಯಲ್ಲಿ ಹಲ್ವಾದ ಡಬ್ಬಿ. ಸೋಫಾದ ತುದಿಯಲ್ಲಿ ಕೂತು, ಅಂಜಲಿಯ ಓದು ವಿಚಾರಿಸಿ, ಚಹಾ ಕುಡಿದು, ಆಮೇಲೆ ನಿಧಾನವಾಗಿ ಹೇಳಿದರು.

"ಶರಣಮ್ಮ, ನಾನು ಶಾಲೆಗೆ ಹೋದದ್ದು ಕಡಿಮೆ. ಈ ಪೋರ್ಟಲ್ ಎಲ್ಲ ನಂಗೆ ಅರ್ಥ ಆಗುದಿಲ್ಲ. ಆ ಹುಡುಗನಿಗೆ ಅಪ್ಪ ಇಲ್ಲ, ನೋಡಿ. ಏನೋ ಒಂದು ಮಾಡಿದ್ದಾನೆ. ನಾಲ್ಕು ಜನ ನೋಡಿದ್ರೆ ಅವನಿಗೊಂದು ದಾರಿ ಆಗ್ತದೆ. ನೀವೆಲ್ಲ ಬ್ಯಾನರಿನಲ್ಲಿ ನನ್ನ ಹೆಸರು ಹಾಕುದಿಲ್ವಾ, ಹಾಗೇ ಇದು."

"ಅಣ್ಣಾರ, ಬ್ಯಾನರ್ ನೋಡಿ ಯಾರೂ ಪರೀಕ್ಷಿ ಬರಿಯಂಗಿಲ್ರಿ. ಬ್ಯಾನರ್ ನೋಡಿ ಯಾರೂ ಚೇಳ ಕಡದ ಕಾಲ ಕೊಯ್ಕೊಳ್ಳಂಗಿಲ್ಲ. ಇದನ್ನ ಹುಡುಗರು ನಂಬತಾರ್ರಿ."

ಕೊಗ್ಗಣ್ಣ ಖಾಲಿ ಕಪ್ಪನ್ನು ಮೇಜಿನ ಮೇಲಿಟ್ಟರು. ಅವಳಿಗೆ ಒಂದು ಉಪಾಯ ಹೊಳೆಯಿತು. "ನಿಮ್ಮ ಅಂಗಡಿಗೆ ಬೇಕಾದವರೊಬ್ಬರು ಬಂದು, ಯಾರು ಮಾಡಿದ್ದಂತ ಗೊತ್ತಿಲ್ಲದ ವೈರ್ ತಂದು, ಇದನ್ನ ಎಲ್ಲಾದಕ್ಕಿಂತ ಮುಂದ ಇಡ್ರಿ ಅಂದ್ರ ಇಡ್ತೀರೇನ್ರಿ?"

ಇಲ್ಲ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ ಎಂದು ಅವಳ ಎಣಿಕೆ. ಕೊಗ್ಗಣ್ಣ ಮುಖ ಎತ್ತಿ ಅವಳನ್ನು ನೋಡಿದರು.

"ಇಟ್ಟಿದ್ದೇನೆ" ಎಂದರು. "ಒಮ್ಮೆ ಅಲ್ಲ, ತುಂಬಾ ಸರ್ತಿ. ಬೇಕಾದವರು ಅಂದ ಮೇಲೆ ಇಡಬೇಕಾಗ್ತದೆ ಅಮ್ಮ. ಇಲ್ಲದಿದ್ರೆ ಈ ಊರಲ್ಲಿ ಯಾರು ಯಾರಿಗೆ ಆಗ್ತಾರೆ?"

ಈ ಮನುಷ್ಯ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅವ್ವನ ಮುಖ ಕೊನೆಯ ಸಲ ನೋಡಲು ಸಿಕ್ಕಿದ್ದು ಇವರಿಂದ. ಹೂಂ ಎಂದುಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಅವಳಿಗೂ ಒಂದು ಗಳಿಗೆ ಅನ್ನಿಸಿತು. ಆದರೂ ಬಾಯಿಂದ ಹೊರಟದ್ದು ಇನ್ನೊಂದೇ.

"ನೀವು ಇಟ್ಟೀರಿ ಅಣ್ಣಾರ. ನಾ ಇಡಂಗಿಲ್ಲ."

ಕೊಗ್ಗಣ್ಣ ಎದ್ದು, ಚಪ್ಪಲಿ ಮೆಟ್ಟಿ, ಶಂಕ್ರೆಪ್ಪನ ಹೆಗಲು ತಟ್ಟಿ ಹೋದರು. ಹಲ್ವಾದ ಡಬ್ಬಿಯನ್ನು ಆ ಮನೆಯಲ್ಲಿ ಯಾರೂ ತೆರೆಯಲಿಲ್ಲ.

ಮರುವಾರ ಬೌಷರ್‌ನ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿದರೆ ಎಲ್ಲಾ ವಿಷಯದ ನೆತ್ತಿಯ ಮೇಲೂ ವಿದ್ಯಾಜ್ಯೋತಿ ಕೂತಿತ್ತು, ಬಣ್ಣಬಣ್ಣದ ದೀಪದ ಚಿತ್ರದ ಸಮೇತ. ಪುಟದ ಕೆಳಗೆ ಶರಣವ್ವನ ಹೆಸರು ಇದ್ದಲ್ಲೇ ಇತ್ತು. ಓದಿದವರಿಗೆ ಅದನ್ನು ಆರಿಸಿ ಹಾಕಿದವಳು ಅವಳೇ ಎಂದು ಅನ್ನಿಸಬೇಕು, ಹಾಗಿತ್ತು. ಅವಳು ಒಂದೊಂದಾಗಿ ಎಲ್ಲವನ್ನೂ ಅಳಿಸಿದಳು. ಎರಡು ದಿನ ಬಿಟ್ಟು ನೋಡಿದರೆ ಲಿಂಕ್ ಮತ್ತೆ ಬಂದಿತ್ತು, ಪಾಸ್‌ವರ್ಡ್ ಬದಲಾಗಿತ್ತು.

ಶಿವಪ್ರಕಾಶನಿಗೆ ಫೋನ್ ಹಚ್ಚಿದಳು.

"ಸಮಿತಿ ಡಿಸೈಡ್ ಮಾಡ್ಯದ ಅಕ್ಕಾ. ನಾ ಏನ ಮಾಡ್ಲಿ?" ಎಂದ ಅವನು. ಪಾಪ, ಅವನ ವೀಸಾಕ್ಕೂ ಒಮ್ಮೆ ಕೊಗ್ಗಣ್ಣ ಓಡಾಡಿದ್ದರು.

"ನನ್ನ ಹೆಸರರ ತಗಿ."

"ಹೆಸರ ತಗೀಬ್ಯಾಡ ಅಂದಾರಕ್ಕಾ. ಹೆಸರಿದ್ರ ಜನ ನೋಡ್ತಾರಂತ."

ಆ ಮಾತಿಗೆ ಅವಳು ಫೋನ್ ಇಟ್ಟಳು. ಲಿಂಕ್ ಹಾಕಿದ್ದಕ್ಕಿಂತ ಹೆಚ್ಚು ಉರಿ ಎದ್ದದ್ದು ಇದಕ್ಕೆ. ಅವಳು ಹೆಸರು ಹಾಕಿಕೊಂಡದ್ದು ತಪ್ಪಿದ್ದರೆ ಬೈಸಿಕೊಳ್ಳಲಿಕ್ಕೆ. ಇವರು ಅದನ್ನು ಅಂಗಡಿಯ ಬೋರ್ಡು ಮಾಡಿಕೊಂಡಿದ್ದರು.

ರಾಜ್ಯೋತ್ಸವ ಬಂತು. ಬಾಡಿಗೆಯ ಸಭಾಂಗಣದ ತುಂಬ ಜನ, ಹಳದಿ ಕೆಂಪು ತೋರಣ, ಬ್ಯಾನರಿನ ತುದಿಯಲ್ಲಿ ಕೊಗ್ಗಣ್ಣನ ಅಂಗಡಿಯ ಹೆಸರು. ಸನ್ಮಾನದ ಪಟ್ಟಿಯಲ್ಲಿ ಶರಣವ್ವನೂ ಇದ್ದಳು. ಶಾಲು ಹೊದಿಸಿದರೆ ಸಿಟ್ಟು ಇಳಿದೀತು ಎಂದು ಸಮಿತಿಯ ಲೆಕ್ಕ. ಕಾರಿನಲ್ಲಿ ಬರುವಾಗ ಶಂಕ್ರೆಪ್ಪ ಸ್ಟಿಯರಿಂಗ್ ಹಿಡಿದುಕೊಂಡೇ ಅಂಗಲಾಚಿದ್ದ. "ಶಾಲು ತಗೊಂಡು ಕೈ ಮುಗದು ಇಳಿದು ಬಾ. ನಾವು ದುಡ್ಯಾಕ ಬಂದವರು. ಮಾತಾಡಬ್ಯಾಡ." ಅಂಜಲಿ ಹಿಂದಿನಿಂದ, "ಅಮ್ಮಾ ಪ್ಲೀಸ್, ಡೋಂಟ್ ಮೇಕ್ ಎ ಸೀನ್" ಎಂದಿದ್ದಳು.

ಅವಳ ಹೆಸರು ಕೂಗಿದರು. ವೇದಿಕೆಯ ಮೇಲೆ ಕೊಗ್ಗಣ್ಣ, ಸಚ್ಚಿದಾನಂದ, ಹೊಸ ಕೋಟು ತೊಟ್ಟ ಹರ್ಷಿತ್. ಕೊಗ್ಗಣ್ಣ ಶಾಲು ಬಿಡಿಸಿ ಹಿಡಿದರು. ಶರಣವ್ವ ಅವರ ಪಾದ ಮುಟ್ಟಿ ನಮಸ್ಕಾರ ಮಾಡಿದಳು. ಸಭೆ ಚಪ್ಪಾಳೆ ತಟ್ಟಿತು, ಶಂಕ್ರೆಪ್ಪ ಉಸಿರು ಬಿಟ್ಟ. ಆಮೇಲೆ ಅವಳು ಎದ್ದು ಶಾಲನ್ನು ಹೊದೆಯದೆ ಕೈಗೆ ತೆಗೆದುಕೊಂಡು, ಎರಡು ಹೆಜ್ಜೆ ನಡೆದು ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡಳು.

"ಕೊಗ್ಗಣ್ಣಾರು ನನಗ ಅಣ್ಣ ಇದ್ದಂಗ. ಅವರ ಋಣ ನಾ ತೀರಸಾಕ ಆಗಂಗಿಲ್ಲ, ಅದಕ್ಕ ಕಾಲಿಗೆ ಬಿದ್ನಿ. ಇದು ಬ್ಯಾರೆ ಮಾತು. ನಿಮ್ಮ ಮಕ್ಕಳು ಗುರುವಾರ ನೋಡೂ ಪುಟದ ಮ್ಯಾಲ ವಿದ್ಯಾಜ್ಯೋತಿ ಅಂತ ಒಂದು ಲಿಂಕ್ ಐತಿ. ಅದನ್ನ ನಾ ಹಾಕಿಲ್ಲ. ಅದನ್ನ ಬರದವರು ಯಾರಂತ ಹರ್ಷಿತ್‌ಗ ಗೊತ್ತಿಲ್ಲ, ಅಧ್ಯಕ್ಷರಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಳಗ ನನ್ನ ಹೆಸರೈತಿ. ಇವತ್ತಿನಿಂದ ಆ ಪುಟಕ್ಕೂ ನನಗೂ ಸಂಬಂಧ ಇಲ್ಲ. ಅದನ್ನ ನೋಡಬ್ಯಾಡ್ರಿ ಅನ್ನಂಗಿಲ್ಲ. ಶರಣವ್ವ ಹೇಳ್ಯಾಳಂತ ಮಾತ್ರ ನಂಬಬ್ಯಾಡ್ರಿ. ನನ್ನ ಹೆಸರು ಮಾರಾಟಕ್ಕಿಲ್ಲ."

ಅವಳು ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಇಳಿದು ಬಂದಳು. ನಿರೂಪಕ ಗಂಟಲು ಸರಿಮಾಡಿಕೊಂಡು, "ಈಗ ಪುಟಾಣಿಗಳಿಂದ ಕೋಲಾಟ" ಎಂದ. ಪುಟಾಣಿಗಳು ಇನ್ನೂ ಮುಖಕ್ಕೆ ಪೌಡರ್ ಹಚ್ಚಿಕೊಳ್ಳುತ್ತಿದ್ದರು.

ಬಗೆಬಗೆಯ ಮಾತು ಬಂತು. ಎದುರಿಗೆ ಬಂದ ಭಾಗ್ಯವನ್ನು ಕಾಲಿನಿಂದ ಒದ್ದಳು ಎಂದರು ಕೆಲವರು. ಹೆಣ್ಣು ಹೆಂಗಸು ವೇದಿಕೆಯ ಮೇಲೆ ದೊಡ್ಡವರ ಮರ್ಯಾದೆ ತೆಗೆದಳು ಎಂದರು ಹಲವರು. ಅಷ್ಟು ಜನರಲ್ಲಿ ಒಬ್ಬರೂ, ಆ ಪುಟ ಬರೆದವರು ಯಾರು ಎಂದು ಕೇಳಲಿಲ್ಲ. ಮರುದಿನ ಬೌಷರ್‌ನ ಕೋಣೆಯ ಬೀಗ ಬದಲಾಯಿತು. ಅವಳ ಹೆಸರು ಪುಟದಿಂದ ಹೋಯಿತು, ಅವಳು ಬರೆದ ಟಿಪ್ಪಣಿಗಳೂ ಹೋದವು. ಎಲ್ಲಾ ಬಣ್ಣ ಮಸಿ ನುಂಗಿತು ಎನ್ನುವ ಹಾಗೆ, ವಿದ್ಯಾಜ್ಯೋತಿಯ ದೀಪವೊಂದೇ ಉಳಿಯಿತು.

ಆ ರಾತ್ರಿ ಊಟ ಮಾಡುವಾಗ ಶಂಕ್ರೆಪ್ಪ ಅವಳ ಮುಖ ನೋಡಲಿಲ್ಲ. ರೊಟ್ಟಿ ಮುಗಿಸಿ ಕೈ ತೊಳೆದು ಬಂದ. ಬೈಯುತ್ತಾನೆ ಎಂದೇ ಅವಳು ಕಾದಳು. ಅವನು ಮನೆಯ ಹಳೆಯ ಕಂಪ್ಯೂಟರ್ ಇದ್ದ ಮಲಗುವ ಕೋಣೆಗೆ ಹೋಗಿ, ಟೂಲ್ ಬಾಕ್ಸ್ ಹಿಡಿದು ಹೊರಬಂದು ಗೋಡೆಯ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತ.

"ಫೋನ್ ಲೈನ್ ಹಾಲ್‌ಗೆ ಎಳಿಬೇಕು. ಬೆಡ್‌ರೂಮಿನ್ಯಾಗ ಅಷ್ಟು ಹುಡುಗರು ಕೂಡಂಗಿಲ್ಲ" ಎಂದ.

ಶರಣವ್ವನ ಕಣ್ಣಲ್ಲಿ ನೀರು ಬಂತು. ಸಭೆಯ ಮುಂದೆ ಬಾರದ್ದು ಅಲ್ಲಿ ಬಂತು. ಅದನ್ನು ಅವನಿಗೆ ತೋರಿಸುವವಳಲ್ಲ, ಬ್ಯಾಟರಿ ಹಿಡಿಯುವ ನೆಪದಲ್ಲಿ ಅವನ ಬೆನ್ನ ಹಿಂದೆ ನಿಂತಳು.

ಪುಕ್ಕಟೆ ಜಾಗ ಕೊಡುವ ಸೈಟೊಂದರಲ್ಲಿ ಪುಟವನ್ನು ಮೊದಲಿನಿಂದ ಕಟ್ಟಿದಳು. ಮನೆಯ ಡಯಲ್‌ಅಪ್ ಲೈನು ಬಸವನಹುಳುವಿನ ಹಾಗೆ. ಒಂದು ಚಿತ್ರ ತೆರೆಯುವಷ್ಟರಲ್ಲಿ ಚಹಾ ಕುದಿಯುತ್ತಿತ್ತು, ಯಾರಾದರೂ ಫೋನ್ ಮಾಡಿದರೆ ಕಡಿದು ಹೋಗುತ್ತಿತ್ತು. ಒಂದೊಂದು ಸೈಟನ್ನೂ ಮತ್ತೆ ಹೊಸದಾಗಿ ನೋಡಿಯೇ ಸೇರಿಸಿದಳು. ಹಿಂದೆ ಒಪ್ಪಿದ್ದೆ ಎಂದು ಈಗ ಒಪ್ಪಲಿಲ್ಲ. ಕೆಳಗೆ ಮತ್ತೆ ಹೆಸರು, ಮತ್ತೆ ಫೋನ್ ನಂಬರು. ಅಂಜಲಿ ಸಿಟ್ಟಿನಿಂದ ಒಂದು ವಾರ ಮಾತು ಬಿಟ್ಟಿದ್ದಳು, ಆಮೇಲೆ ತಾನೇ ಬಂದು ಇಂಗ್ಲಿಷ್ ಟಿಪ್ಪಣಿಗಳ ವ್ಯಾಕರಣ ತಿದ್ದತೊಡಗಿದಳು.

ಗುರುವಾರ ಹಾಲಿನಲ್ಲಿ ಜಮಖಾನ ಹಾಸಿ ಕಾದರು. ಮೊದಲ ವಾರ ಯಾರೂ ಬರಲಿಲ್ಲ. ಮುಂದಿನ ವಾರ ಐಡಾ ಬಾಯಿ ತಮ್ಮ ಇಬ್ಬರು ಮಕ್ಕಳನ್ನು ತಳ್ಳಿಕೊಂಡು ಬಂದರು. "ಯಾರು ಏನು ಬೇಕಾದ್ರೂ ಹೇಳ್ಲಿ ಮಾರಾಯ್ತಿ, ನಮ್ಮದಕ್ಕೆ ಪ್ರಾಜೆಕ್ಟ್ ಉಂಟು" ಎಂದು ಸಾರಿ ಹೋದರು. ಆಮೇಲೆ ನಿಜ್ವಾದಿಂದ ಫೋನ್ ಬಂತು, ಹಳೆಯ ಪುಟ ಎಲ್ಲಿ ಹೋಯಿತು ಎಂದು.

ಡಿಸೆಂಬರಿನ ಒಂದು ಗುರುವಾರ ಸಂಜೆ ಮತ್ತೆ ಬೆಲ್ಲಾಯಿತು. ಬಾಗಿಲಲ್ಲಿ ಪ್ರಿಯಾಂಕಾ. ಸಚ್ಚಿದಾನಂದರ ಮಗಳು, ಹತ್ತನೇ ತರಗತಿ. ಎದೆಗೆ ಫೈಲು ಅವಚಿಕೊಂಡಿದ್ದಳು, ಇನ್ನೊಂದು ಕೈಯಲ್ಲಿ ತನ್ನ ಚಪ್ಪಲಿ.

"ಆಂಟಿ, ಒಳಗೆ ಬರಬಹುದಾ? ಪಪ್ಪಾಗೆ ಗೊತ್ತಿಲ್ಲ. ವಿದ್ಯಾಜ್ಯೋತಿಯಿಂದ ಬರೆದಿದ್ದಕ್ಕೆ ಮಿಸ್ ಫುಲ್ ಪೇಜ್ ಕಟ್ ಮಾಡಿದಾರೆ."

"ಬಾ. ಚಪ್ಪಲಿ ಯಾಕ ಕೈಯಾಗ?"

"ಹೊರಗೆ ಇಟ್ಟರೆ ಕಾಣ್ತದೆ ಆಂಟಿ. ಪಪ್ಪಾ ಈಗ ಆಫೀಸಿಂದ ಬರ್ತಾರೆ."

ಶರಣವ್ವ ಬಾಗಿಲಿಗೆ ಅಡ್ಡ ನಿಂತಳು. ಹುಡುಗಿಯ ಮುಖ ಬಾಡಿತು. ಆದರೆ ಅವಳ ಧ್ವನಿಯಲ್ಲಿ ಬೈಗುಳವಿರಲಿಲ್ಲ.

"ನೋಡವಾ, ನೀ ಕದಿಯಾಕ ಬಂದಿಲ್ಲ, ಓದಾಕ ಬಂದೀ. ಚಪ್ಪಲಿ ಬಾಗಲ ಹೊರಗ ಬಿಡು. ಎಲ್ಲಾರಿಗೂ ಕಾಣೂ ಹಂಗ ನಡಬರಕ ಬಿಡು. ಅಂಜಿಕಿ ಆದ್ರ ತಿರುಗಿ ಹೋಗು, ನಾ ಏನೂ ಅನ್ಕೊಳ್ಳಂಗಿಲ್ಲ."

ಪ್ರಿಯಾಂಕಾ ಮೆಟ್ಟಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ಚಪ್ಪಲಿಗಳನ್ನು ಕಾಲೊರಸಿನ ನಟ್ಟನಡುವೆ ಜೋಡಿಸಿಟ್ಟು ಒಳಗೆ ಬಂದಳು.

ಅರ್ಧ ಗಂಟೆ ಕಳೆದಿರಲಿಲ್ಲ, ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿತು. ಬಾಗಿಲ ಮುಂದೆ ಬಂದು ನಿಂತಿತು. ಒಳಗೆ ಮಕ್ಕಳೆಲ್ಲ ತಲೆ ಎತ್ತಿದರು. ಪ್ರಿಯಾಂಕಾ ಪೆನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆಲ್ ಆಯಿತು. ಶರಣವ್ವ ನಿಧಾನವಾಗಿ ಎದ್ದು ಬಾಗಿಲು ಪೂರ್ತಿ ತೆರೆದಳು, ಒಳಗಿನದೆಲ್ಲ ಕಾಣುವ ಹಾಗೆ.

ಸಚ್ಚಿದಾನಂದರ ಕಣ್ಣು ಚಪ್ಪಲಿಯ ಮೇಲಿತ್ತು.

"ನಮ್ಮ ಪ್ರಿಯಾ ಇಲ್ಲಿದ್ದಾಳೇನ್ರಿ?"

"ಅದಾಳ್ರಿ."

ಅವರು ಹಾಲಿನೊಳಗೆ ಇಣುಕಿದರು. ಮಗಳು ತಲೆ ಬಗ್ಗಿಸಲಿಲ್ಲ, ಅವರನ್ನೇ ನೋಡುತ್ತಿದ್ದಳು.

"ಏನು ಓದಾಕತ್ತಾಳ?"

"ನಿಮ್ಮ ಪೋರ್ಟಲ್ ಒಂದ ಬಿಟ್ಟು ಎಲ್ಲಾ" ಎಂದಳು ಶರಣವ್ವ.

ಸಚ್ಚಿದಾನಂದ ಬ್ರೀಫ್‌ಕೇಸನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ನಯವಾದ ಮಾತಿನ ಆ ಮನುಷ್ಯನಿಗೆ ಅಂದು ಸಿಕ್ಕಿದ್ದು ಒಂದೇ ಮಾತು.

"ಊಟದ ಹೊತ್ತಿಗೆ ಕಳಸ್ರಿ" ಎಂದು ಹೇಳಿ, ಚಪ್ಪಲಿ ತುಳಿಯದ ಹಾಗೆ ಕಾಲು ಎತ್ತಿ ಇಟ್ಟು, ಮೇಲೆ ಹತ್ತಿ ಹೋದರು.